ಹಾಡು ಮಾರುವವರೇ ಕಾವಲಿಗೂ ನಿಂತರೆ

2009ರ ಜೂನ್‌ನಲ್ಲಿ ಬ್ರಿಟನ್ನಿನ ಇಂಟರ್ನೆಟ್ ಕಂಪನಿ ವರ್ಜಿನ್ ಮೀಡಿಯಾ ಮತ್ತು ಸಂಗೀತ ಕಂಪನಿ ಯೂನಿವರ್ಸಲ್ ಮ್ಯೂಸಿಕ್ ಸೇರಿ ಒಂದು ಯೋಜನೆಯನ್ನು ಪ್ರಕಟಿಸಿದವು. ತಿಂಗಳ ಚಂದಾ ಕಟ್ಟುವ ಬ್ರಾಡ್‌ಬ್ಯಾಂಡ್ ಗ್ರಾಹಕರು ಯೂನಿವರ್ಸಲ್‌ನ ಹಾಡುಗಳನ್ನು ಬೇಕಾದಷ್ಟು ಇಳಿಸಿಕೊಳ್ಳಬಹುದು, ನಕಲು ತಡೆಯುವ ಬೀಗವಿಲ್ಲದ ಎಂಪಿ3 ಕಡತಗಳಾದ್ದರಿಂದ ಚಂದಾ ನಿಲ್ಲಿಸಿದ ಮೇಲೂ ಅವು ಅವರ ಬಳಿಯೇ ಉಳಿಯುತ್ತವೆ ಎಂದು ಅದರಲ್ಲಿತ್ತು. ಕದ್ದು ಇಳಿಸಿಕೊಳ್ಳುವುದನ್ನು ಬಿಡದವರ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿಯಲಾಗುವುದು ಎಂಬ ಎಚ್ಚರಿಕೆಯೂ ಅದೇ ಪ್ರಕಟಣೆಯಲ್ಲಿತ್ತು.

ಮೊದಲ ಭಾಗಕ್ಕೆ ನನ್ನ ತಕರಾರಿಲ್ಲ; ಅಷ್ಟು ಉದಾರವಾದ ಕರಾರು ಇಂದಿನ ಸ್ಟ್ರೀಮಿಂಗ್ ಸೇವೆಗಳಲ್ಲೂ ಸಿಗುವುದು ಕಷ್ಟ. ಕಲಾವಿದರ ದುಡಿಮೆಯನ್ನು ಪುಕ್ಕಟೆಯಾಗಿ ದೋಚುವುದು ಸರಿಯೆಂದೂ ನಾನು ವಾದಿಸುತ್ತಿಲ್ಲ. ಆದರೆ ಹಾಡಿನ ವ್ಯಾಪಾರದಲ್ಲಿ ಪಾಲುದಾರನಾದ ಕಂಪನಿಯೇ, ತನ್ನಲ್ಲಿ ಕೊಳ್ಳದೆ ಬೇರೆಡೆಯಿಂದ ಇಳಿಸಿಕೊಂಡವನ ತಪ್ಪನ್ನು ನಿರ್ಧರಿಸಿ ಅವನ ಮನೆಯ ಇಂಟರ್ನೆಟ್ ನಿಲ್ಲಿಸುವುದಾದರೆ, ದೂರುದಾರ, ತೀರ್ಪುಗಾರ, ಅಂಗಡಿಯವ ಎಲ್ಲರೂ ಒಬ್ಬರೇ ಆಗಿಬಿಡುತ್ತಾರೆ.

ಸಾಕ್ಷ್ಯವಾದರೂ ಎಂಥದು? ಕಡತ ಹಂಚಿಕೆಯ ಜಾಲದಲ್ಲಿ ಹಕ್ಕುದಾರರ ಕಡೆಯವರಿಗೆ ಕಾಣುವುದು ಒಂದು ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕಕ್ಕೆ ಕೊಟ್ಟ ಸಂಖ್ಯೆ, ಮಾತ್ರ. ಆ ವೇಳೆಗೆ ಅದು ಯಾರ ಖಾತೆಯಲ್ಲಿತ್ತು ಎಂಬುದನ್ನು ಇಂಟರ್ನೆಟ್ ಕಂಪನಿ ತನ್ನ ದಾಖಲೆಯಿಂದ ಹೇಳಬಲ್ಲದು. ಕೀಲಿಮಣೆಯ ಮುಂದೆ ಮಗಳಿದ್ದಳೋ, ಬಂದ ನೆಂಟರಿದ್ದರೋ, ವೈಫೈ ಪಾಸ್‌ವರ್ಡ್ ಕದ್ದ ನೆರೆಯವನಿದ್ದನೋ ಎಂಬುದನ್ನು ಆ ದಾಖಲೆ ಹೇಳುವುದಿಲ್ಲ. ಶಿಕ್ಷೆ ಮಾತ್ರ ಇಡೀ ಮನೆಗೆ, ಬಿಲ್ ಕಟ್ಟುವವರ ಹೆಸರಿನಲ್ಲಿ.

ಈ ಪ್ರಕಟಣೆಗೆ ಕೆಲವೇ ದಿನ ಮೊದಲು, ಜೂನ್ 10ರಂದು, ಫ್ರಾನ್ಸಿನ ಸಾಂವಿಧಾನಿಕ ಮಂಡಳಿ ಕದ್ದು ಇಳಿಸಿಕೊಳ್ಳುವುದನ್ನು ತಡೆಯಲು ತಂದ ಹಡೋಪಿ ಕಾಯ್ದೆಯ ಇಂಥದೇ ಅಂಶವನ್ನು ತಳ್ಳಿಹಾಕಿತ್ತು: ಇಂಟರ್ನೆಟ್ ಬಳಕೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು, ಅದನ್ನು ಕಡಿಯುವ ಅಧಿಕಾರವನ್ನು ಆಡಳಿತಾಂಗದ ಸಂಸ್ಥೆಯೊಂದರ ಕೈಗೆ ಕೊಡುವಂತಿಲ್ಲ ಎಂದು. ಸರ್ಕಾರಿ ಸಂಸ್ಥೆಗೇ ಕೊಡಲಾಗದ ಅಧಿಕಾರವನ್ನು ಖಾಸಗಿ ಕಂಪನಿ ಗ್ರಾಹಕರ ಕರಾರಿನ ಸಣ್ಣಕ್ಷರಗಳಲ್ಲಿ ಬರೆದುಕೊಂಡರೆ ಸರಿಹೋಗುತ್ತದೆಯೇ? (ಆ ಸಣ್ಣಕ್ಷರಗಳನ್ನು ಓದಿ ಸಹಿ ಹಾಕಿದವರನ್ನು ನಾನಂತೂ ಕಂಡಿಲ್ಲ.)

ವರ್ಜಿನ್‌ನ ಆ ಸೇವೆ ಆರಂಭವಾಗಲೇ ಇಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಬ್ರಿಟನ್ನಿನ ಇನ್ನೊಂದು ಸಂಗೀತ ಸೇವೆ ಸ್ಕೈ ಸಾಂಗ್ಸ್ ಸಾಕಷ್ಟು ಗ್ರಾಹಕರಿಲ್ಲದೆ 2010ರ ಕೊನೆಗೆ ಮುಚ್ಚಿತು. ಡೆನ್ಮಾರ್ಕಿನ ದೂರಸಂಪರ್ಕ ಕಂಪನಿ ಟಿಡಿಸಿ 2008ರಲ್ಲೇ ಬ್ರಾಡ್‌ಬ್ಯಾಂಡ್ ಶುಲ್ಕದೊಳಗೆ ಸಂಗೀತವನ್ನು ಸೇರಿಸಿ ಕೊಟ್ಟಿತ್ತು. ಅದೇ ವರ್ಷ ಶುರುವಾದ ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈಗೆ ಯಾರ ಮನೆಯ ತಂತಿಯ ಮೇಲೂ ಅಧಿಕಾರವಿರಲಿಲ್ಲ, ಆದರೂ ಜನ ಅಲ್ಲಿಗೆ ಹೋದರು. ಫ್ರಾನ್ಸ್ ಮುಂದೆ ನ್ಯಾಯಾಧೀಶರ ಮೂಲಕ ಸಂಪರ್ಕ ಕಡಿಯುವ ದಾರಿ ಮಾಡಿಕೊಂಡು, 2013ರಲ್ಲಿ ಆ ದಂಡನೆಯನ್ನೂ ಕೈಬಿಟ್ಟಿತು.