ವೇದಿಕೆಗೆ ಮೂರು ಬಾರಿ ಬಂದ ಆನೆ

ಸೃಜನಶೀಲ ಕೃತಿಗಳಲ್ಲಿನ ಸ್ವಂತಿಕೆಯನ್ನು ಕೊಂಡಾಡಲೆಂದು ತುಮಕೂರಿನ ನಮ್ಮ ಗೆಳೆಯರ ಬಳಗ ಏರ್ಪಡಿಸಿದ್ದ ಸಂಜೆಯ ಆಹ್ವಾನ ಪತ್ರಿಕೆಯಲ್ಲಿ, ಹಿಂದಿನ ಗಣೇಶೋತ್ಸವದ ಪತ್ರಿಕೆಯಿಂದ ಉಳಿದುಬಂದ ‘ಮಹಾಮಂಗಳಾರತಿ, ತೀರ್ಥಪ್ರಸಾದ ವಿನಿಯೋಗ’ ಎಂಬ ಸಾಲು ಹಾಗೆಯೇ ಇದ್ದುದರಿಂದ ಕುರ್ಚಿಗಳು ಎಂದಿಗಿಂತ ಬೇಗ ತುಂಬಿದವು. ವಂದನಾರ್ಪಣೆ ನನ್ನ ಪಾಲಿಗೆ ಬಂದಿದ್ದರಿಂದ ನಡುವೆ ಎದ್ದುಹೋಗುವ ಭಾಗ್ಯ ನನಗಿರಲಿಲ್ಲ.

ಉದ್ಘಾಟಕರು ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರನ್ನು ನೆನೆದು, ಅವರ ಕಂಪನಿಯ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬಂದ ಬಗೆಯನ್ನು ಬಣ್ಣಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿಗಳೂ ಅದೇ ಆನೆಯನ್ನು ಕರೆತಂದರು. ಅಧ್ಯಕ್ಷರು “ಈಗಾಗಲೇ ಹೇಳಿರುವಂತೆ” ಎಂದು ಆರಂಭಿಸಿ ಆನೆಯನ್ನು ಮತ್ತೊಮ್ಮೆ ವೇದಿಕೆ ಹತ್ತಿಸಿದರಾದರೂ ಕುದುರೆಯನ್ನು ಮರೆತದ್ದರಿಂದ, ನನ್ನ ಪಕ್ಕದ ಹುಡುಗ “ಕುದುರೆ ಎಲ್ಲಿ ಅಂಕಲ್?” ಎಂದು ಕೇಳಿದ.

ವಕೀಲರೊಬ್ಬರು ಮಾತ್ರ ಆನೆಯ ತಂಟೆಗೆ ಹೋಗದೆ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಬಿಡಿಸಿ ಹೇಳಿದರು. ಕಾಯ್ದೆ ಕಾಯುವುದು ಬರೀ ಆಲೋಚನೆಯನ್ನಲ್ಲ, ಅದನ್ನು ಬರೆದು ರೂಪಿಸಿದ ಬಗೆಯನ್ನು. ಲೇಖಕ ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಆತ ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕದ ದೃಶ್ಯವನ್ನು ಆಡಲೆಂದು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ನಿಂತಿದ್ದ ಹುಡುಗರು ಬೆರಳು ಮಡಚಿ ಲೆಕ್ಕ ಹಾಕಿ, ಅವಧಿ 2006ಕ್ಕೇ ಮುಗಿದಿರುವುದನ್ನು ಕಂಡು ಉಸಿರು ಬಿಟ್ಟರು.

ಪ್ರಶ್ನೆಗಳಿಗೆ ಅವಕಾಶ ಕೊಟ್ಟದ್ದೇ ತಡ, ನಿವೃತ್ತ ಮೇಷ್ಟ್ರೊಬ್ಬರು ಎದ್ದು, ನಾಮದ ಚಿಲುಮೆಯ ಮೇಲಿನ ತಮ್ಮ ಕವನವನ್ನು ಸಭೆಯಲ್ಲೇ ಇರುವವರೊಬ್ಬರು ಕದ್ದಿದ್ದಾರೆಂದು ದೂರಿದರು. “ಮೊದಲು ಬರೆದದ್ದು ನಾನು ಸಾರ್” ಎಂದು ಹಿಂದಿನ ಸಾಲಿನ ಬ್ಯಾಂಕ್ ಉದ್ಯೋಗಿ ಗುಡುಗಿದರು. ಇಬ್ಬರ ಜೋಳಿಗೆಯಿಂದಲೂ ನೋಟ್‌ಬುಕ್ ಹೊರಬಂತು. ಮೇಷ್ಟ್ರದು ಷಟ್ಪದಿಯ ಧಾಟಿ, ಬ್ಯಾಂಕಿನವರದು ಸಾಲು ಮುರಿದ ನವ್ಯ; ಎರಡರಲ್ಲೂ ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಡುತ್ತಾನೆ, ಎರಡರಲ್ಲೂ ‘ಚಿಲುಮೆ’ ಹೋಗಿ ‘ಒಲುಮೆ’ಗೆ ಡಿಕ್ಕಿ ಹೊಡೆಯುತ್ತದೆ.

“ಬಾಣ ರಾಮನದು, ನೀರು ದೇವರಾಯನದುರ್ಗದ ಕಾಡಿನದು, ಪ್ರಾಸ ಊರಿನವರೆಲ್ಲರದು. ಸಾಲುಗಳಂತೂ ಬೇರೆ ಬೇರೆ ಇವೆ” ಎಂದರು ವಕೀಲರು.

“ಶೀರ್ಷಿಕೆ ಒಂದೇ ಇದೆಯಲ್ಲ ಸ್ವಾಮಿ?”

ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿರುವುದನ್ನು ತಿಳಿಸಿದರೆ, ಮೇಷ್ಟ್ರು ಸುಪ್ರೀಂ ಕೋರ್ಟಿನ ಮೇಲೆಯೇ ಮುನಿಸಿಕೊಂಡರು.

ವಂದಿಸುವಾಗ ಯಾರ ಹೆಸರನ್ನು ಮೊದಲು ಹೇಳಿದರೂ ಮತ್ತೊಂದು ದಾವೆ ಹೂಡಿದಂತಾಗುತ್ತಿದ್ದುದರಿಂದ ನಾನು ‘ಕವಿದ್ವಯರು’ ಎಂದು ಹೇಳಿ ಪಾರಾಗಿ, ಹುಡುಗರ ನಾಟಕಕ್ಕೆ ಪರದೆ ಏಳುತ್ತಿದ್ದಂತೆ ಹೊರಗೆ ಬಂದೆ. ಗೇಟಿನ ಬಳಿಯ ಅಂಗಡಿಯಲ್ಲಿ ಬೈಟು ಕಾಫಿ ಹಿಡಿದು ನಿಂತಿದ್ದ ಅವರಿಬ್ಬರೂ, ಆ ಸಂಜೆ ಬಾರದಿದ್ದ ತಿಪಟೂರಿನ ಇನ್ನೊಬ್ಬ ಕವಿ ತಮ್ಮಿಬ್ಬರಿಂದಲೂ ಕದ್ದಿದ್ದಾನೆಂಬ ಒಮ್ಮತಕ್ಕೆ ಬಂದಿದ್ದರು.