ಫ್ರೇಸಲ್ ವರ್ಬ್: ಅರ್ಥ ಬಾಯಿಪಾಠ, ವಾಕ್ಯ ತಪ್ಪು

ಇಂಗ್ಲಿಷ್ ಕಲಿಸುವ ಪುಸ್ತಕ ತೆರೆಯಿರಿ, ವಿಡಿಯೋ ನೋಡಿ, ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ‘ಆಫ್’, ‘ಅಪ್’ನಂಥ ಕಿರುಪದ ಸೇರಿ ಆದದ್ದು) ಅಂದರೆ ಒಂದು ಪಟ್ಟಿ. ಎಡಗಡೆ ‘ಪುಟ್ ಆಫ್’, ಬಲಗಡೆ ‘ಮುಂದೂಡು’. ಎಡಗಡೆ ‘ಲುಕ್ ಆಫ್ಟರ್’, ಬಲಗಡೆ ‘ನೋಡಿಕೊಳ್ಳು’. ಹೀಗೇ ಇನ್ನೂರು, ಐನೂರು. ಈ ಪಟ್ಟಿಗಳಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ ಅನ್ನುತ್ತೇನೆ. ಅರ್ಥ ತಪ್ಪು ಕೊಟ್ಟಿರುತ್ತಾರೆ ಅಂತಲ್ಲ. ಕರ್ಮಪದ ಎಲ್ಲಿ ಬರಬೇಕು ಅನ್ನುವುದನ್ನು ಪಟ್ಟಿ ಹೇಳುವುದೇ ಇಲ್ಲ, ವಾಕ್ಯ ಕೆಡುವುದು ಅಲ್ಲೇ.

‘ಟರ್ನ್ ಆಫ್’ ತೆಗೆದುಕೊಳ್ಳಿ. ‘ಟರ್ನ್ ಆಫ್ ದ ಫ್ಯಾನ್’ ಸರಿ. ‘ಟರ್ನ್ ದ ಫ್ಯಾನ್ ಆಫ್’ ಕೂಡ ಸರಿ. ಫ್ಯಾನ್ ಬದಲು ‘ಇಟ್’ ಅಂದಿರೋ, ದಾರಿ ಒಂದೇ: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಅಂದರೆ ತಪ್ಪು. ಸರ್ವನಾಮ ನಡುವೆಯೇ ಬರಬೇಕು. ಇದಕ್ಕೆ ಕಾರಣವೂ ಇದೆ. ಇಂಗ್ಲಿಷ್ ವಾಕ್ಯ ಹೊಸ ವಿಷಯವನ್ನೂ ಉದ್ದನೆಯ ಪದಗುಚ್ಛವನ್ನೂ ಕೊನೆಗೆ ಇಡಲು ಬಯಸುತ್ತದೆ. ‘ಇಟ್’ ಅಂದಾಗ ಯಾವುದು ಅಂತ ಕೇಳುವವರಿಗೆ ಆಗಲೇ ಗೊತ್ತು, ಕೊನೆಯ ಜಾಗ ಅದಕ್ಕೆ ಬೇಡ. ಅದೇ ಕಾರಣಕ್ಕೆ ಕರ್ಮ ತುಂಬಾ ಉದ್ದವಾಗಿದ್ದರೆ ನಡುವೆ ತುರುಕಬಾರದು. ‘ಶಿ ಟರ್ನ್ಡ್ ಡೌನ್ ದ ಜಾಬ್ ದೇ ಆಫರ್ಡ್ ಹರ್ ಲಾಸ್ಟ್ ವೀಕ್’ ಅನ್ನುವಲ್ಲಿ ‘ಡೌನ್’ ಅನ್ನು ವಾಕ್ಯದ ತುದಿಗೆ ತಳ್ಳಿ ನೋಡಿ. ಅದು ಬರುವಷ್ಟರಲ್ಲಿ ಕ್ರಿಯಾಪದವೇ ಮರೆತುಹೋಗಿರುತ್ತದೆ.

ಇದೇ ನಿಯಮವನ್ನು ‘ಲುಕ್ ಆಫ್ಟರ್’ಗೆ ಹಚ್ಚಿದರೆ ಮತ್ತೆ ತಪ್ಪು. ‘ಲುಕ್ ದೆಮ್ ಆಫ್ಟರ್’ ಅನ್ನುವಂತಿಲ್ಲ, ‘ಲುಕ್ ಆಫ್ಟರ್ ದೆಮ್’ ಅಂತಲೇ ಅನ್ನಬೇಕು. ‘ಲುಕ್ ಇನ್ಟು’, ‘ರನ್ ಇನ್ಟು’, ‘ಕಮ್ ಅಕ್ರಾಸ್’ ಇದೇ ಗುಂಪಿನವು. ಇಲ್ಲಿ ಎರಡನೆಯ ಪದ ಪ್ರಿಪೊಸಿಷನ್ (ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಪದ), ತನ್ನ ಕರ್ಮವನ್ನು ಅದು ಬಿಟ್ಟುಕೊಡುವುದಿಲ್ಲ. ‘ಟರ್ನ್ ಆಫ್’ನಲ್ಲಿರುವ ‘ಆಫ್’ ಕ್ರಿಯಾವಿಶೇಷಣದ ಜಾತಿಯದು, ಹಾಗಾಗಿ ಆಚೀಚೆ ಸರಿಯುತ್ತದೆ. ವ್ಯತ್ಯಾಸ ನೋಡಬೇಕಾದರೆ ‘ರ್‍ಯಾನ್ ಅಪ್ ಎ ಹಿಲ್’, ‘ರ್‍ಯಾನ್ ಅಪ್ ಎ ಬಿಲ್’ ಎರಡನ್ನೂ ಪಕ್ಕಪಕ್ಕ ಇಡಿ. ನೋಡಲು ಅವಳಿಜವಳಿ. ಮೊದಲನೆಯದು ಗುಡ್ಡ ಹತ್ತಿ ಓಡಿದ್ದು, ಎರಡನೆಯದು ಬಿಲ್ಲು ಬೆಳೆಸಿಕೊಂಡಿದ್ದು. ಸರ್ವನಾಮ ಹಾಕಿದ ಕೂಡಲೇ ಗುಟ್ಟು ರಟ್ಟಾಗುತ್ತದೆ: ಗುಡ್ಡಕ್ಕಾದರೆ ‘ರ್‍ಯಾನ್ ಅಪ್ ಇಟ್’, ಬಿಲ್ಲಿಗಾದರೆ ‘ರ್‍ಯಾನ್ ಇಟ್ ಅಪ್’.

ಜಾಗ ಬದಲಾದರೆ ಅರ್ಥವೇ ಬದಲಾಗುವ ಜೋಡಿಗಳೂ ಇವೆ. ‘ಶಿ ಸಾ ಹಿಮ್ ಥ್ರೂ’ ಅಂದರೆ ಕಷ್ಟಕಾಲದಲ್ಲಿ ಅವನ ಕೈಬಿಡದೆ ದಡ ಮುಟ್ಟಿಸಿದಳು. ‘ಶಿ ಸಾ ಥ್ರೂ ಹಿಮ್’ ಅಂದರೆ ಅವನ ನಾಟಕ ಅವಳಿಗೆ ಗೊತ್ತಾಯಿತು. ಪಟ್ಟಿಯಲ್ಲಿ ಎರಡೂ ಬರೀ ‘ಸೀ ಥ್ರೂ’. ‘ಟೆಲ್ ಅಪಾರ್ಟ್’ ಇನ್ನೊಂದು ರೀತಿ. ಅದರ ಕರ್ಮ ಸಾಮಾನ್ಯವಾಗಿ ನಡುವೆಯೇ: ‘ಟೆಲ್ ದ ಟ್ವಿನ್ಸ್ ಅಪಾರ್ಟ್’.

ಮೂರು ಪದದವು ಸುಲಭ. ‘ಪುಟ್ ಅಪ್ ವಿತ್’, ‘ರನ್ ಔಟ್ ಆಫ್’, ‘ಕಮ್ ಅಪ್ ವಿತ್’ ಇವನ್ನು ಒಡೆಯಬೇಡಿ, ಕರ್ಮ ಕೊನೆಗೆ. ಎಚ್ಚರ ಬೇಕಾದದ್ದು ‘ಲುಕ್ ಫಾರ್ವರ್ಡ್ ಟು’ ವಿಷಯದಲ್ಲಿ. ಇಲ್ಲಿನ ‘ಟು’ ಪ್ರಿಪೊಸಿಷನ್ ಆದ್ದರಿಂದ ಅದರ ಮುಂದೆ ‘ಮೀಟಿಂಗ್ ಯೂ’ ಬರಬೇಕು. ‘ಮೀಟ್ ಯೂ’ ಅಂತ ಮುಗಿಯುವ ಇಮೇಲ್‌ಗಳಿಗೆ ಲೆಕ್ಕವಿಲ್ಲ.

ಅರ್ಥದ ವಿಷಯದಲ್ಲೂ ‘ಒಂದು ವರ್ಬಿಗೆ ಒಂದು ಅರ್ಥ’ ನಡೆಯುವುದಿಲ್ಲ. ಅರ್ಥವನ್ನು ತೀರ್ಮಾನಿಸುವುದು ಬಹುಪಾಲು ಜೊತೆಗಿರುವ ಕರ್ತೃ ಅಥವಾ ಕರ್ಮ. ಅಲಾರಾಂ ‘ಗೋಸ್ ಆಫ್’ ಅಂದರೆ ಬಡಿದುಕೊಳ್ಳಲು ಶುರುವಾಯಿತು. ಲೈಟು ‘ಗೋಸ್ ಆಫ್’ ಅಂದರೆ ಆರಿಹೋಯಿತು. ಹಾಲು ‘ಗೋಸ್ ಆಫ್’ ಅಂದರೆ ಕೆಟ್ಟಿತು. ಮೀಟಿಂಗನ್ನು ‘ಪುಟ್ ಆಫ್’ ಮಾಡಿದರೆ ಮುಂದೂಡಿದ ಹಾಗೆ, ಆದರೆ ‘ದ ಸ್ಮೆಲ್ ಪುಟ್ ಮಿ ಆಫ್’ ಅಂದರೆ ವಾಸನೆಗೆ ಮನಸ್ಸೇ ಹಿಂದೆ ಸರಿಯಿತು. ಹಾಗಾಗಿ ‘ಪುಟ್ ಆಫ್’ ಅಂತಷ್ಟೇ ಬರೆದಿಟ್ಟುಕೊಂಡರೆ ಸಾಲದು, ‘ಪುಟ್ ಆಫ್ ದ ಮೀಟಿಂಗ್’ ಅಂತ ಕರ್ಮಸಮೇತ ಬರೆಯಿರಿ. ಕೆಳಗೆ ‘ಪುಟ್ ಇಟ್ ಆಫ್’ ಅಂತ ಸರ್ವನಾಮದ ರೂಪವೂ ಇರಲಿ.

ಇದೆಲ್ಲ ಕನ್ನಡದವರಿಗೆ ಅಷ್ಟೊಂದು ಅಪರಿಚಿತವೇನಲ್ಲ. ‘ಹೇಳಿಕೊಡು’ ಅನ್ನುವಾಗ ಯಾರೂ ಕೈಯಾರೆ ಏನನ್ನೂ ಕೊಡುವುದಿಲ್ಲ. ‘ತಿಂದುಬಿಡು’ ಅಂದರೆ ಬಿಡುವುದಲ್ಲ, ಪೂರ್ತಿ ಮುಗಿಸುವುದು. ‘ಈಟ್ ಅಪ್’, ‘ಯೂಸ್ ಅಪ್’, ‘ಟೇರ್ ಅಪ್’ಗಳಲ್ಲಿ ‘ಅಪ್’ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಈ ಕಿರುಪದಗಳಿಗೆ ಅವುಗಳದೇ ಒಲವುಗಳಿವೆ. ‘ಆನ್’ಗೆ ಮುಂದುವರಿಯುವ ಗುಣ: ‘ಕ್ಯಾರಿ ಆನ್’, ‘ಕೀಪ್ ಆನ್’. ‘ಆಫ್’ಗೆ ಬೇರ್ಪಡಿಸುವುದು: ‘ಕಟ್ ಆಫ್’, ‘ಟೇಕ್ ಆಫ್’. ‘ಓವರ್’ಗೆ ಮತ್ತೊಮ್ಮೆ ಕಣ್ಣಾಡಿಸುವುದು: ‘ಗೋ ಓವರ್’, ‘ಥಿಂಕ್ ಓವರ್’. ಎಲ್ಲ ಕಡೆ ಇದು ಕೆಲಸ ಮಾಡುವುದಿಲ್ಲ. ‘ಗಿವ್ ಅಪ್’ ಯಾಕೆ ಕೈಚೆಲ್ಲುವುದು ಅಂತ ‘ಅಪ್’ ಅನ್ನು ಎಷ್ಟು ಹಿಂಡಿದರೂ ಸುಲಭಕ್ಕೆ ಹೊರಡದು. ಆದರೂ ಐನೂರು ಸಾಲು ಉರುಹೊಡೆಯುವ ಬದಲು ಎಂಟು-ಹತ್ತು ಕಿರುಪದಗಳ ಜಾಡು ಹಿಡಿಯುವುದು ಜಾಣತನ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಕಿರುಪದ ಸೇರಿದ ಈ ಕ್ರಿಯಾಪದಗಳೇ ಎಂದು ಬರೆದಿದ್ದ. ಕಷ್ಟವಾದರೆ ದೋಷ ನಿಮ್ಮ ಬುದ್ಧಿಯದಲ್ಲ.

ನಮ್ಮಲ್ಲಿ ತಪ್ಪಾಗುವುದು ಎರಡೂ ಕಡೆ. ಬೇಕಾದಲ್ಲಿ ಕಿರುಪದ ಬಿಡುತ್ತೇವೆ, ಬೇಡದಲ್ಲಿ ಅಂಟಿಸುತ್ತೇವೆ. ಗಾಡಿಯಲ್ಲಿ ಕರೆದುಕೊಂಡು ಹೋಗು ಅನ್ನಲು ‘ಪಿಕ್ ಮಿ’ ಅನ್ನುತ್ತೇವೆ, ಅದರರ್ಥ ‘ನನ್ನನ್ನು ಆರಿಸು’. ಬೇಕಾದದ್ದು ‘ಪಿಕ್ ಮಿ ಅಪ್’. ಅತ್ತ ‘ಡಿಸ್ಕಸ್ ಅಬೌಟ್’ ಅನ್ನುತ್ತೇವೆ, ಕನ್ನಡದ ‘ಬಗ್ಗೆ’ ಅಲ್ಲಿ ನುಸುಳಿರುತ್ತದೆ. ‘ಡಿಸ್ಕಸ್ ದ ಪ್ರಾಬ್ಲಮ್’ ಸಾಕು. ‘ಕೋಪ್ ಅಪ್ ವಿತ್’ ಕೂಡ ತಪ್ಪು, ‘ಕೋಪ್ ವಿತ್’ ಅಷ್ಟೇ. ‘ಕೀಪ್ ಅಪ್ ವಿತ್’ನಿಂದ ‘ಅಪ್’ ಹಾರಿ ಬಂದು ಕೂತಿರಬೇಕು. ‘ಪಾಸ್ ಔಟ್’ ಬಗ್ಗೆಯೂ ಹುಷಾರು. ಇಲ್ಲಿ ಕಾಲೇಜು ಮುಗಿಸುವುದು, ಹೊರದೇಶದ ಸಂದರ್ಶಕರ ಮುಂದೆ ಅದೇ ಮಾತು ‘ಪ್ರಜ್ಞೆ ತಪ್ಪಿ ಬಿದ್ದೆ’ ಅಂತ ಕೇಳಿಸುತ್ತದೆ. ‘ಗ್ರ್ಯಾಜುಯೇಟೆಡ್’ ಅನ್ನಿ.

ಫ್ರೇಸಲ್ ವರ್ಬ್ ಬರೀ ಆಡುಮಾತಿನದು, ಗಂಭೀರ ಬರಹದಲ್ಲಿ ಬೇಡ ಅನ್ನುವ ಉಪದೇಶವನ್ನು ಪೂರ್ತಿ ನಂಬಬೇಡಿ. ‘ಪುಟ್ ಅಪ್ ವಿತ್’ ಬದಲು ವರದಿಯಲ್ಲಿ ‘ಟಾಲರೇಟ್’ ಚೆನ್ನ, ಒಪ್ಪಿದೆ. ಆದರೆ ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’ ಸಂಶೋಧನಾ ಪ್ರಬಂಧಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಕರ್ಮಣಿ ಪ್ರಯೋಗದಲ್ಲಿ ಕಿರುಪದ ಬಿಟ್ಟುಹೋಗದಂತೆ ನೋಡಿಕೊಳ್ಳಿ: ‘ದ ಮೀಟಿಂಗ್ ವಾಸ್ ಕಾಲ್ಡ್ ಆಫ್’. ‘ಆಫ್’ ಬಿಟ್ಟರೆ ರದ್ದಾದ ಮೀಟಿಂಗ್ ಕರೆದ ಮೀಟಿಂಗ್ ಆಗಿಬಿಡುತ್ತದೆ.

ನಿಘಂಟು ನೋಡುವವರಿಗೆ ಒಂದು ಸುಳಿವು. ಕಲಿಯುವವರಿಗಾಗಿ ಮಾಡಿದ ಆಕ್ಸ್‌ಫರ್ಡ್, ಲಾಂಗ್‌ಮನ್ ನಿಘಂಟುಗಳಲ್ಲಿ ಎರಡು ತಲೆಯ ಬಾಣದ ಗುರುತು (↔) ಕಂಡರೆ ಕರ್ಮ ನಡುವೆಯೂ ಬರಬಹುದು, ಕೊನೆಗೂ ಬರಬಹುದು. ಬಾಣವಿಲ್ಲದೆ ‘ಸಮ್‌ಬಡಿ’ ಕೊನೆಯಲ್ಲಿದ್ದರೆ ಅದರ ಜಾಗ ಕೊನೆಯೇ. ಅರ್ಥಕ್ಕಿಂತ ಮೊದಲು ಇದನ್ನು ನೋಡಿ.

ಇನ್ನು ಬರವಣಿಗೆಯ ಸಣ್ಣ ವಿಷಯ. ನಾಮಪದವಾದಾಗ ಸಾಮಾನ್ಯವಾಗಿ ಒಂದೇ ಪದ, ಒತ್ತು ಮೊದಲ ಭಾಗದ ಮೇಲೆ: ‘ಲಾಗಿನ್’, ‘ಬ್ಯಾಕಪ್’. ಕ್ರಿಯಾಪದವಾದಾಗ ಬಿಡಿಸಿ ಬರೆಯಬೇಕು: ‘ಲಾಗ್ ಇನ್’, ‘ಬ್ಯಾಕ್ ಅಪ್’. ಭೂತಕಾಲದ ‘ಡ್’ ಸೇರುವುದು ಮೊದಲ ಪದಕ್ಕೆ, ಹಾಗಾಗಿ ‘ಲಾಗ್ಡ್ ಇನ್’. ‘ಲಾಗಿನ್ಡ್’ ಅನ್ನುವ ರೂಪ ಇಲ್ಲ.