ಪೆಟ್ಟಿಗೆಯ ಮಾತೇ ಬರಲಿಲ್ಲ

ನ್ಯೂಯಾರ್ಕಿನ ಫಿಲಿಪಿನೋ ಜನರ ಬಗ್ಗೆ ಬರೆದದ್ದು ಚೆನ್ನಾಗಿದೆ. ಆದರೆ ನರ್ಸ್ ಕೆಲಸ, ವೀಸಾ ಅನ್ನುವಷ್ಟರಲ್ಲೇ ಲೇಖನ ಮುಗಿದುಹೋಯಿತು, ಅವರು ಊರಿಗೆ ಕಳಿಸುವ ಪೆಟ್ಟಿಗೆಯ ಮಾತೇ ಇಲ್ಲ. ನಾನು ಆ ಊರಿನ ಕ್ವೀನ್ಸ್ ಭಾಗದ ವುಡ್‌ಸೈಡ್‌ನಲ್ಲಿ ಆರು ವರ್ಷ ಇದ್ದೆ. 7ನೇ ನಂಬರ್ ರೈಲು ತಲೆ ಮೇಲೆ ಗಡಗಡ ಓಡುವ ರೂಸ್‌ವೆಲ್ಟ್ ಅವೆನ್ಯೂ ಇದೆಯಲ್ವಾ, ಅವರ ಬೇಕರಿ, ಊರಿಗೆ ದುಡ್ಡು ಕಳಿಸುವ ಅಂಗಡಿ ಎಲ್ಲ ಅಲ್ಲೇ.

ಪಕ್ಕದ ಮನೆಯ ಆತೆಯ (ಅವರಲ್ಲಿ ಅಕ್ಕನಿಗೆ ಆತೆ ಅನ್ನುತ್ತಾರೆ) ಹಾಲ್‌ನಲ್ಲಿ ಯಾವಾಗಲೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿರುತ್ತಿತ್ತು. ಬಾಲಿಕ್‌ಬಾಯನ್ ಬಾಕ್ಸ್. ಹಡಗಿನಲ್ಲಿ ಊರಿಗೆ ಹೋಗುತ್ತದೆ. ದುಡ್ಡು ತೂಕಕ್ಕಲ್ಲ, ಪೆಟ್ಟಿಗೆಗೆ ಇಷ್ಟು ಅಂತ. ಹಾಗಾಗಿ ಒಂದಿಂಚೂ ಖಾಲಿ ಬಿಡುವುದಿಲ್ಲ. ಶೂ ಒಳಗೆ ಸೋಪು, ಟವೆಲ್ ಸುತ್ತಿದ ಕಾಫಿ ಬಾಟಲಿ, ಸಂದಿಗಳಲ್ಲಿ ಚಾಕೊಲೇಟ್. ಕ್ರಿಸ್‌ಮಸ್‌ಗೆ ತಲುಪಲಿ ಅಂತ ಸೆಪ್ಟೆಂಬರ್‌ನಲ್ಲೇ ಕಳಿಸುತ್ತಿದ್ದರು. ಒಂದು ವರ್ಷ ಅದು ಸೇರಿದ್ದು ಫೆಬ್ರವರಿಗೆ. ಕಾರ್ಗೋದವರು ಫೋನ್ ಕೂಡ ಎತ್ತಲಿಲ್ಲ. ಪಾಪ, ದಿನಾ ಡ್ಯೂಟಿ ಮುಗಿಸಿ ಬಂದು ಅದೇ ನಂಬರ್ ಒತ್ತುತ್ತಿದ್ದರು.

ಇನ್ನು ಅವರ ಸಿನಿಗಾಂಗ್. ನಮ್ಮ ಹುಳಿಯ ದೂರದ ನೆಂಟ ಅನ್ನಬಹುದು, ಹುಣಸೆ ಜಾಸ್ತಿ, ಖಾರ ಕಡಿಮೆ. ಹುಣಸೆ ಪೊಟ್ಟಣ ಮುಗಿದರೆ ನಮ್ಮ ಮನೆ ಬಾಗಿಲು ತಟ್ಟುತ್ತಿದ್ದರು. ಸಂಜೆ ಬಟ್ಟಲು ತುಂಬ ಸಾರು ಬರುತ್ತಿತ್ತು, ಹಂದಿಮಾಂಸದ ಸಮೇತ. ನಾನು ತಿನ್ನಲ್ಲ ಅಂತ ಹೇಳೋಕೆ ಎರಡು ಸಲ ಸಂಕೋಚಪಟ್ಟೆ. ಮೂರನೇ ಸಲ ಹೇಳಿಬಿಟ್ಟೆ. ಅಂದಿನಿಂದ ನನಗೆ ಅಂತ ಬೇರೆ ಪಾತ್ರೆ, ಬರೀ ಮೂಲಂಗಿ, ಬೆಂಡೆಕಾಯಿ ಹಾಕಿದ್ದು.